ಅಂಗಡಿ ಮುಂದೆ ಎಸಿಪಿ ಹಾಕಿಸ್ತಿದ್ದೀರಾ? ಹೊಳಪಿಗಿಂತ ಮೊದಲು ಒಳಗಿನ ಮೂರು ಮಿಲಿಮೀಟರ್ ನೋಡಿ

ಸಾಗರದ ಪೇಟೆ ಬೀದಿ ಇರಲಿ, ಶಿಕಾರಿಪುರದ ಬಸ್ ಸ್ಟ್ಯಾಂಡ್ ಸುತ್ತಮುತ್ತ ಇರಲಿ, ಭದ್ರಾವತಿ, ತೀರ್ಥಹಳ್ಳಿಯ ಮುಖ್ಯ ರಸ್ತೆ ಇರಲಿ, ಈಗ ಹೊಸದಾಗಿ ಬಾಗಿಲು ತೆರೆಯೋ ಅಂಗಡಿಗಳ ಮುಖ ಹೆಚ್ಚುಕಮ್ಮಿ ಒಂದೇ ಥರ. ಕೆಳಗೆ ರೋಲಿಂಗ್ ಶಟರ್ ಇಲ್ಲವೇ ಗ್ಲಾಸ್ ಬಾಗಿಲು, ಅದರ ಮೇಲೆ ಹೊಳೆಯೋ ಎಸಿಪಿ ಶೀಟ್, ಶೀಟಿನ ಮೇಲೆ ಎಲ್‌ಇಡಿ ಅಕ್ಷರ. ಹಿಂದೆ ಇದೇ ಜಾಗದಲ್ಲಿ ಹಲಗೆ ಬಾಗಿಲು, ತಗಡಿನ ಬೋರ್ಡು, ಪೇಂಟರ್ ಕೈಬರಹ ಇತ್ತು. ಆಮೇಲೆ ಫ್ಲೆಕ್ಸ್ ಬಂತು. ಈಗ ಎಸಿಪಿ ಕಾಲ. ನಾಮಫಲಕದಲ್ಲಿ ಶೇ. 60 ಭಾಗ ಕನ್ನಡ ಇರಲೇಬೇಕು ಅನ್ನೋ ನಿಯಮ 2024ರಲ್ಲಿ ಬಿಗಿಯಾದ ಮೇಲೆ ಹಳೇ ಬೋರ್ಡ್ ಇಳಿಸುವವರು, ಇಳಿಸೋದು ಹೇಗೂ ಇಳಿಸ್ತೀವಿ, ಇಡೀ ಮುಂಭಾಗವನ್ನೇ ಹೊಸದು ಮಾಡಿಸೋಣ ಅಂತ ಯೋಚಿಸೋದು ಸಹಜ.

ಎಸಿಪಿ ಕೆಟ್ಟ ವಸ್ತು ಅಲ್ಲ. ಹಗುರ, ಬೇಗ ಕೂರಿಸಬಹುದು, ಸುಣ್ಣಬಣ್ಣದ ಖರ್ಚಿಲ್ಲ, ಗೋಡೆಯ ಬಿರುಕು ಪಾಚಿ ಎಲ್ಲ ಮುಚ್ಚಿಹೋಗುತ್ತೆ. ಆದರೆ ಈ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಸಿಗೋದು ಒಂದೇ ವಸ್ತುವಲ್ಲ. ಹೊರಗಿಂದ ತದ್ರೂಪು ಕಾಣೋ ಎರಡು ಶೀಟುಗಳಲ್ಲಿ ಒಂದಕ್ಕೆ ಬೆಂಕಿ ಹತ್ತೋದೇ ಕಷ್ಟ, ಇನ್ನೊಂದು ಬೆಂಕಿಯನ್ನ ಮಹಡಿಯಿಂದ ಮಹಡಿಗೆ ಒಯ್ಯುತ್ತೆ. ಫ್ಯಾಬ್ರಿಕೇಟರ್ ಕೊಡೋ ಕೊಟೇಶನ್‌ನಲ್ಲಿ ಎರಡಕ್ಕೂ ಇರೋ ಹೆಸರು 'ಎಸಿಪಿ ವರ್ಕ್', ಅದರ ಮುಂದೆ ಒಂದು ಸ್ಕ್ವೇರ್ ಫೀಟ್ ರೇಟು. ಅಷ್ಟೇ.

ಶೀಟಿನ ಒಳಗೆ ಏನಿದೆ?

ಎಸಿಪಿ ಅಂದರೆ ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನೆಲ್. ಬ್ರೆಡ್ ಸ್ಯಾಂಡ್‌ವಿಚ್ ನೆನಪಿಸಿಕೊಳ್ಳಿ. ಮೇಲೊಂದು ಕೆಳಗೊಂದು ತೆಳ್ಳನೆ ಅಲ್ಯೂಮಿನಿಯಂ ತಗಡು, ಮಧ್ಯದಲ್ಲಿ ಕೋರ್ ಅಂತ ಕರೆಯೋ ಪದರ. ಒಳ್ಳೆ ದರ್ಜೆಯ 4 ಮಿ.ಮೀ. ಶೀಟಿನಲ್ಲಿ ಎರಡೂ ಕಡೆ ಅರ್ಧರ್ಧ ಮಿ.ಮೀ. ಅಲ್ಯೂಮಿನಿಯಂ, ನಡುವೆ 3 ಮಿ.ಮೀ. ಕೋರ್ ಇರುತ್ತೆ. ಬೋರ್ಡ್ ಕೆಲಸಕ್ಕೆ ಹೆಚ್ಚಾಗಿ ಬಳಸೋದು 3 ಮಿ.ಮೀ. ಶೀಟು. ಅದರಲ್ಲಿ ಅಲ್ಯೂಮಿನಿಯಂ 0.25 ಮಿ.ಮೀ. ಇರಬಹುದು, ಅದಕ್ಕಿಂತ ತೆಳ್ಳಗೂ ಇರಬಹುದು. ಅಗ್ಗದ ಶೀಟನ್ನ ಬೆರಳಲ್ಲಿ ಒತ್ತಿದರೆ ತಗ್ಗು ಬೀಳೋದು ಇದೇ ಕಾರಣಕ್ಕೆ.

ಕೋರ್ ಮೂರು ಥರದ್ದು. ಮೊದಲನೆಯದು ಪಾಲಿಥಿಲೀನ್, ಅಂಗಡಿಯವರ ಬಾಯಲ್ಲಿ 'ಪಿಇ'. ಅಂದರೆ ಪ್ಲಾಸ್ಟಿಕ್ ಕವರು, ಕೊಡ ಮಾಡೋ ಜಾತಿಯದೇ ಪ್ಲಾಸ್ಟಿಕ್. ಎರಡನೆಯದು 'ಎಫ್‌ಆರ್', ಬೆಂಕಿ ನಿರೋಧಕ ಅಂತ ಮಾರೋದು. ಇದರಲ್ಲಿ ಸುಮಾರು ಶೇ. 70ರಷ್ಟು ಸುಡದ ಖನಿಜದ ಪುಡಿ, ಉಳಿದದ್ದು ಪ್ಲಾಸ್ಟಿಕ್. ಮೂರನೆಯದು 'ಎ2' ದರ್ಜೆ. ಇದರಲ್ಲಿ ಖನಿಜವೇ ಶೇ. 90ರ ಮೇಲೆ. ಯಾರೂ ಕೇಳದೇ ಇದ್ದರೆ ಕೊಡೋದು ಸಾಮಾನ್ಯವಾಗಿ ಮೊದಲನೆಯದನ್ನೇ, ಏಕೆಂದರೆ ಅದೇ ಅಗ್ಗ.

ಅಲ್ಯೂಮಿನಿಯಂ ಕರಗೋಕೆ 660 ಡಿಗ್ರಿ ಸೆಲ್ಸಿಯಸ್ ಬೇಕು. ಪಾಲಿಥಿಲೀನ್ ಕರಗೋಕೆ 110–130 ಡಿಗ್ರಿ ಸಾಕು. ಹಾಗಾಗಿ ಬೆಂಕಿಯ ಬಿಸಿ ತಾಗಿದಾಗ ತಗಡು ಸುಡೋಕೆ ಮುಂಚೆಯೇ ಒಳಗಿನ ಪ್ಲಾಸ್ಟಿಕ್ ಕರಗಿ, ಅಂಚಿನಿಂದ ಸೋರಿ, ಹನಿ ಹನಿಯಾಗಿ ಉರೀತಾ ಕೆಳಗೆ ಬೀಳುತ್ತೆ. ಆ ಹನಿ ಎಲ್ಲಿ ಬೀಳುತ್ತೋ ಅಲ್ಲಿ ಇನ್ನೊಂದು ಬೆಂಕಿ. ಶೀಟಿನ ತಗಡು ಬಿಚ್ಚಿಕೊಂಡ ಮೇಲೆ ಮೇಲಿನ ಶೀಟಿಗೆ ಜ್ವಾಲೆ ನೇರ ತಾಗುತ್ತೆ.

ಎರಡು ಶೀಟು, ಒಂದು ಸಿಲಿಂಡರ್

ಲೆಕ್ಕ ಹಾಕಿದರೆ ವಿಷಯ ಮನದಟ್ಟಾಗುತ್ತೆ. ಒಂದು ಶೀಟು ಎಂಟಡಿ ಉದ್ದ ನಾಲ್ಕಡಿ ಅಗಲ, ಅಂದರೆ 32 ಚದರಡಿ. 3 ಮಿ.ಮೀ. ಪಿಇ ಕೋರ್ ಇರೋ ಅಂಥ ಒಂದು ಶೀಟಿನಲ್ಲಿ ಸುಮಾರು 8 ಕೆ.ಜಿ. ಪ್ಲಾಸ್ಟಿಕ್ ಇರುತ್ತೆ. ಒಂದು ಕೆ.ಜಿ. ಪಾಲಿಥಿಲೀನ್ ಪೂರ್ತಿ ಉರಿದರೆ ಹೊರಬರೋ ಶಾಖ ಒಂದು ಕೆ.ಜಿ. ಅಡುಗೆ ಗ್ಯಾಸಿನಷ್ಟೇ. ಮನೆಯ ಗ್ಯಾಸ್ ಸಿಲಿಂಡರಿನಲ್ಲಿ ಇರೋದು 14.2 ಕೆ.ಜಿ. ಹಾಗಾದರೆ ಎರಡು ಶೀಟಿನಲ್ಲಿ ಒಂದು ತುಂಬಿದ ಸಿಲಿಂಡರಿಗಿಂತ ಸ್ವಲ್ಪ ಜಾಸ್ತಿಯೇ ಇಂಧನ ಇದೆ ಅಂತಾಯ್ತು.

ಶೀಟು ಸಿಲಿಂಡರಿನ ಹಾಗೆ ಸಿಡಿಯಲ್ಲ, ಅದು ನಿಜ. ಆದರೆ ಇಪ್ಪತ್ತಡಿ ಅಗಲ, ಮೂವತ್ತಡಿ ಎತ್ತರದ ಕಟ್ಟಡದ ಮುಂಭಾಗಕ್ಕೆ ಪೂರ್ತಿ ಇದನ್ನೇ ಹೊದಿಸಿದರೆ ಸುಮಾರು 150 ಕೆ.ಜಿ. ಪ್ಲಾಸ್ಟಿಕ್ ಗೋಡೆಗೆ ನೇತುಹಾಕಿದ ಹಾಗೆ. ಹತ್ತಕ್ಕೂ ಹೆಚ್ಚು ಸಿಲಿಂಡರಿನ ಲೆಕ್ಕ. ಅಷ್ಟು ಸಿಲಿಂಡರನ್ನ ಯಾರೂ ತಮ್ಮ ಅಂಗಡಿ ಮುಂದೆ ಸಾಲಾಗಿ ಇಡಲ್ಲ.

ಲಂಡನ್ನಿನ ಗ್ರೆನ್‌ಫೆಲ್: ಒಂದು ಫ್ರಿಜ್‌ನಿಂದ ಶುರುವಾದದ್ದು

ಈ ಶೀಟಿನ ಅಪಾಯ ಜಗತ್ತಿಗೆಲ್ಲ ಗೊತ್ತಾದದ್ದು 2017ರ ಜೂನ್ 14ರ ನಸುಕಿನಲ್ಲಿ. ಪಶ್ಚಿಮ ಲಂಡನ್ನಿನ ಗ್ರೆನ್‌ಫೆಲ್ ಟವರ್ 24 ಮಹಡಿಯ ವಸತಿ ಕಟ್ಟಡ. 1970ರ ದಶಕದಲ್ಲಿ ಕಟ್ಟಿದ್ದು, ಗೋಡೆ ಕಾಂಕ್ರೀಟು. ನೋಡೋಕೆ ಚೆನ್ನಾಗಿರಲಿ, ಒಳಗೆ ಬೆಚ್ಚಗಿರಲಿ ಅಂತ 2016ರ ಹೊತ್ತಿಗೆ ಹೊರಗೋಡೆಗೆ ಹೊಸ ಹೊದಿಕೆ ಹಾಕಿಸಿದ್ದರು. ಮೊದಲು ಅಂದುಕೊಂಡಿದ್ದು ಸತುವಿನ ಹೊದಿಕೆ. ಖರ್ಚು ಉಳಿಸೋಕೆ ಅದನ್ನ ಬಿಟ್ಟು ಪಿಇ ಕೋರ್ ಇರೋ ಅಲ್ಯೂಮಿನಿಯಂ ಪ್ಯಾನೆಲ್ ಹಾಕಿದರು. ಅದರ ಹಿಂದೆ ಇದ್ದ ಶಾಖ ತಡೆಯೋ ಫೋಮ್ ಕೂಡ ಉರಿಯುವಂಥದ್ದೇ.

ಆ ರಾತ್ರಿ ನಾಲ್ಕನೇ ಮಹಡಿಯ ಒಂದು ಅಡುಗೆಮನೆಯಲ್ಲಿ ಫ್ರಿಜ್‌ಗೆ ಬೆಂಕಿ ಹತ್ತಿತು. ಅಗ್ನಿಶಾಮಕ ದಳ ಬೇಗನೇ ಬಂತು. ಕಾಂಕ್ರೀಟು ಕಟ್ಟಡದಲ್ಲಿ ಅಂಥ ಬೆಂಕಿ ಒಂದು ಮನೆಯೊಳಗೇ ಮುಗಿಯಬೇಕಿತ್ತು. ಆದರೆ ಜ್ವಾಲೆ ಕಿಟಕಿ ದಾಟಿ ಹೊರಗಿನ ಹೊದಿಕೆಗೆ ತಾಗಿತು. ಅಲ್ಲಿಂದ ಅರ್ಧ ಗಂಟೆಯೊಳಗೆ ತುದಿ ಮಹಡಿ ಮುಟ್ಟಿ, ಆಮೇಲೆ ಕಟ್ಟಡದ ಸುತ್ತಲೂ ಹಬ್ಬಿತು. 72 ಜನ ಸತ್ತರು.

ಆ ದುರಂತದ ಸಾರ್ವಜನಿಕ ತನಿಖೆಯ ಅಂತಿಮ ವರದಿ ಬಂದದ್ದು 2024ರ ಸೆಪ್ಟೆಂಬರಿನಲ್ಲಿ. ಸಾವುಗಳೆಲ್ಲ ತಪ್ಪಿಸಬಹುದಾಗಿದ್ದವು ಅಂತ ಅದು ಹೇಳಿತು. ಪ್ಯಾನೆಲ್ ತಯಾರಿಸಿದ ಆರ್ಕೋನಿಕ್ ಕಂಪನಿ ತನ್ನ ಶೀಟಿನ ನಿಜವಾದ ಅಪಾಯವನ್ನ ಮಾರುಕಟ್ಟೆಯಿಂದ ಮುಚ್ಚಿಟ್ಟಿತ್ತು ಅನ್ನೋದೂ ಅದರಲ್ಲಿದೆ. ಇಲ್ಲಿ ನಮ್ಮ ಅಂಗಡಿಯವರಿಗೂ ಬೇಕಾದ ಒಂದು ಸೂಕ್ಷ್ಮ ಇದೆ. ಅದೇ ಶೀಟನ್ನ ಚಪ್ಪಟೆಯಾಗಿ ರಿವೆಟ್ ಹೊಡೆದು ಪರೀಕ್ಷೆ ಮಾಡಿದಾಗ ಬಂದ ಫಲಿತಾಂಶ ಒಂದು, ಅಂಚು ಮಡಚಿ ಟ್ರೇ ಥರ ಮಾಡಿ ಕೂರಿಸಿ ಪರೀಕ್ಷೆ ಮಾಡಿದಾಗ ಬಂದದ್ದು ಇನ್ನೊಂದು. ಎರಡನೆಯದು ತೀರಾ ಕಳಪೆ. ಅಂದರೆ ಯಾರಾದರೂ ಸರ್ಟಿಫಿಕೇಟ್ ತೋರಿಸಿದರೆ, ಅದು ಯಾವ ಶೀಟಿಗೆ, ಹೇಗೆ ಕೂರಿಸಿದ್ದಕ್ಕೆ ಕೊಟ್ಟದ್ದು ಅಂತ ಓದಬೇಕು. ಬ್ರ್ಯಾಂಡ್ ಹೆಸರು ಒಂದೇ ಇದ್ದ ಮಾತ್ರಕ್ಕೆ ಸಾಲದು.

ಗ್ರೆನ್‌ಫೆಲ್ ಒಂದೇ ಅಲ್ಲ. ಅದಕ್ಕೂ ಮೊದಲು 2014ರ ನವೆಂಬರಿನಲ್ಲಿ ಮೆಲ್ಬರ್ನ್ ನಗರದ ಲಾಕ್ರೋಸ್ ಕಟ್ಟಡದ ಬಾಲ್ಕನಿಯಲ್ಲಿ ಸರಿಯಾಗಿ ಆರಿಸದ ಒಂದು ಸಿಗರೇಟಿನಿಂದ ಬೆಂಕಿ ಹುಟ್ಟಿ ಇದೇ ಥರದ ಶೀಟು ಹಿಡಿದು ಮೇಲಕ್ಕೆ ಓಡಿತ್ತು. 2015ರ ಡಿಸೆಂಬರ್ 31ರ ರಾತ್ರಿ ದುಬೈನಲ್ಲಿ ಹೊಸ ವರ್ಷದ ಪಟಾಕಿ ನೋಡೋಕೆ ಸೇರಿದ್ದ ಜನರ ಎದುರೇ ಅಡ್ರೆಸ್ ಹೋಟೆಲ್ ಹೊತ್ತಿ ಉರಿಯಿತು.

ನಮ್ಮದು ಎರಡೇ ಮಹಡಿ, ನಮಗೇನು?

ಈ ಪ್ರಶ್ನೆ ಸರಿಯಾದದ್ದೇ. ಒಂದೇ ಮಹಡಿಯ ಅಂಗಡಿ, ಬಾಗಿಲ ಮೇಲೆ ನಾಲ್ಕಡಿ ಎತ್ತರದ ಬೋರ್ಡು ಮಾತ್ರ ಎಸಿಪಿ, ಮೇಲೆ ಬರೀ ಟೆರೇಸು. ಅಷ್ಟೇ ಆದರೆ ತಲೆ ಕೆಡಿಸಿಕೊಳ್ಳೋ ಅಷ್ಟು ದೊಡ್ಡ ವಿಷಯ ಅಲ್ಲ. ವೈರಿಂಗ್ ಸರಿ ಇದ್ದರೆ ಸಾಕು.

ಆದರೆ ತಾಲ್ಲೂಕು ಪೇಟೆಯ ಕಟ್ಟಡಗಳು ಹೆಚ್ಚಾಗಿ ಹಾಗಿರಲ್ಲ. ಕೆಳಗೆ ಬಟ್ಟೆ ಅಂಗಡಿ, ಮೊದಲ ಮಹಡಿಯಲ್ಲಿ ಟ್ಯೂಷನ್ ಇಲ್ಲವೇ ಡೆಂಟಲ್ ಕ್ಲಿನಿಕ್, ಅದರ ಮೇಲೆ ಮಾಲೀಕರ ಮನೆ ಅಥವಾ ಲಾಡ್ಜ್. ಮೇಲೆ ಹೋಗೋಕೆ ಒಂದೇ ಮೆಟ್ಟಿಲು, ಅದೂ ಮೂರಡಿ ಅಗಲ, ಅದರ ಬಾಯಿ ಇರೋದು ಅಂಗಡಿಯ ಪಕ್ಕದಲ್ಲೇ. ಮುಂಭಾಗ ಹತ್ತಿಕೊಂಡರೆ ಮೇಲಿನವರು ಇಳಿಯೋ ದಾರಿಯ ಮುಂದೇ ಬೆಂಕಿ ಹನಿ ಬೀಳ್ತಾ ಇರುತ್ತೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಬಹುಮಹಡಿ ಅಂತ ಕರೆಯೋದು 15 ಮೀಟರ್ ಎತ್ತರದಿಂದ ಮೇಲಿನ ಕಟ್ಟಡವನ್ನ. ನಮ್ಮ ಪೇಟೆಯ ಕಟ್ಟಡಗಳು ಅದರ ಕೆಳಗೇ ನಿಲ್ಲುತ್ತವೆ. ಹಾಗಾಗಿ ದೊಡ್ಡ ಕಟ್ಟಡಗಳಿಗೆ ಆಗೋ ತಪಾಸಣೆ ಇವಕ್ಕೆ ಆಗಲ್ಲ, ನೋಡಿಕೊಳ್ಳಬೇಕಾದವರು ಹಾಕಿಸೋರೇ.

ಇನ್ನೊಂದು ಅಭ್ಯಾಸ ಇದಕ್ಕಿಂತ ಅಪಾಯದ್ದು. 'ಎಲಿವೇಷನ್ ಪ್ಲೇನ್ ಕಾಣಬೇಕು' ಅಂತ ಮಹಡಿ ಮೇಲಿನ ಕಿಟಕಿಗಳ ಮೇಲೂ ಶೀಟ್ ಹೊಡೆಸಿಬಿಡೋದು. ಒಳಗೆ ಎಸಿ ಇದೆ, ಕಿಟಕಿ ಯಾಕೆ ಬೇಕು ಅನ್ನೋ ಲೆಕ್ಕ. ಬೆಂಗಳೂರಿನ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಜನ ಸತ್ತರು. ಅಲ್ಲಿ ಕೊಂದದ್ದು ಎಸಿಪಿ ಅಲ್ಲ, ಹೊಗೆ. ಮುಚ್ಚಿದ ಗಾಜಿನ ಕಟ್ಟಡದಲ್ಲಿ ಹೊಗೆ ಹೊರಹೋಗೋಕೆ ದಾರಿ ಇಲ್ಲದೇ, ಜನ ಗಾಜು ಒಡೆದು ಮೇಲಿನಿಂದ ಹಾರಿದರು. ಗಾಜನ್ನಾದರೂ ಕುರ್ಚಿಯಲ್ಲಿ ಹೊಡೆದು ಒಡೆಯಬಹುದು. ಪೈಪಿನ ಫ್ರೇಮಿಗೆ ಸ್ಕ್ರೂ ಹೊಡೆದು ಕೂರಿಸಿದ ಎಸಿಪಿಯನ್ನ ಒಳಗಿನಿಂದ ಬರಿಗೈಯಲ್ಲಿ ಬಿಚ್ಚೋಕೆ ಆಗಲ್ಲ. ಏಣಿ ಹಾಕಿ ಬಂದ ಅಗ್ನಿಶಾಮಕ ಸಿಬ್ಬಂದಿಗೂ ಕಿಟಕಿ ಎಲ್ಲಿದೆ ಅಂತ ಹೊರಗಿಂದ ಗೊತ್ತಾಗಲ್ಲ. ಮಹಡಿಯಲ್ಲಿ ಜನ ಇರೋ ಕಟ್ಟಡದಲ್ಲಿ ಕಿಟಕಿ ಮುಚ್ಚೋ ಎಲಿವೇಷನ್ ಯಾವ ಕಾರಣಕ್ಕೂ ಒಪ್ಪೋ ಹಾಗಿಲ್ಲ, ಶೀಟು ಎಷ್ಟೇ ದುಬಾರಿಯದಾಗಿರಲಿ.

ಹಿಂದಿನ ಸಂದು

ಶೀಟು ಗೋಡೆಗೆ ಅಂಟಿಕೊಂಡಿರಲ್ಲ. ನಡುವೆ ಪೈಪಿನ ಫ್ರೇಮ್, ಅದರಿಂದಾಗಿ ಎರಡಿಂಚಿನಿಂದ ಅರ್ಧ ಅಡಿವರೆಗೆ ಸಂದು. ಆ ಸಂದು ಕೆಳಗಿನಿಂದ ಮೇಲಿನವರೆಗೆ ಒಂದೇ ಓಟದಲ್ಲಿದ್ದರೆ ಅದು ಹಂಡೆ ಒಲೆಯ ಹೊಗೆ ಕೊಳವೆಯ ಹಾಗೇ ಕೆಲಸ ಮಾಡುತ್ತೆ. ಬಿಸಿ ಗಾಳಿ ಮೇಲೆ ಎಳೆದುಕೊಳ್ಳುತ್ತೆ, ಬೆಂಕಿ ಅದರ ಹಿಂದೆ. ಹೊರಗೆ ನಿಂತು ನೀರು ಹೊಡೆದರೆ ನೀರು ಶೀಟಿನ ಮೇಲೆ ಹರಿದುಹೋಗುತ್ತೆ, ಬೆಂಕಿ ಹಿಂದೆ ಇರುತ್ತೆ.

ಇದಕ್ಕೆ ಪರಿಹಾರ ಸರಳ. ಪ್ರತಿ ಮಹಡಿಯ ಸ್ಲ್ಯಾಬ್ ಮಟ್ಟದಲ್ಲಿ ಆ ಸಂದನ್ನ ಕಬ್ಬಿಣದ ತಗಡು ಮತ್ತು ರಾಕ್‌ವೂಲ್ ಇಟ್ಟು ಅಡ್ಡಲಾಗಿ ಮುಚ್ಚಿಸೋದು. ಆಗ ಬೆಂಕಿ ಒಂದು ಮಹಡಿಯಲ್ಲೇ ತಡೆಯುತ್ತೆ. ಇಲಿ, ಪಾರಿವಾಳ, ಕಡಜ ಗೂಡು ಕಟ್ಟೋದಕ್ಕೂ ಕಡಿವಾಣ ಬೀಳುತ್ತೆ. ಥರ್ಮೊಕೋಲ್ ತುಂಬಿಸಿ ಸಂದು ಮುಚ್ಚೋದು ಮಾತ್ರ ಬೇಡ. ಅದು ಬೆಂಕಿಗೆ ಇನ್ನಷ್ಟು ಮೇವು.

ವೈರು ಹೋಗೋದೂ ಇದೇ ಸಂದಿನಲ್ಲಿ. ಅಕ್ಷರದ ಎಲ್‌ಇಡಿ 12 ವೋಲ್ಟಿನದು, ಅದರಿಂದ ದೊಡ್ಡ ಭಯ ಇಲ್ಲ. ಆದರೆ 230 ವೋಲ್ಟನ್ನ 12ಕ್ಕೆ ಇಳಿಸೋ ಪವರ್ ಸಪ್ಲೈ ಡಬ್ಬಿಯನ್ನ ಶೀಟಿನ ಹಿಂದೆ ಎಲ್ಲೋ ಪೈಪಿಗೆ ಟೇಪು ಸುತ್ತಿ ನೇತುಹಾಕಿ ಮುಚ್ಚಿಬಿಡ್ತಾರೆ. ದಿನಾ ಐದಾರು ಗಂಟೆ ಬಿಸಿಯಾಗೋ ವಸ್ತು, ಪಕ್ಕದಲ್ಲೇ ಪ್ಲಾಸ್ಟಿಕ್ ಕೋರು. ಆ ಡಬ್ಬಿ ಹೊರಗೆ, ಕೈಗೆ ಸಿಗೋ ಜಾಗದಲ್ಲಿ, ಲೋಹದ ಪೆಟ್ಟಿಗೆಯಲ್ಲಿ ಇರಲಿ. ಬೋರ್ಡಿಗೆ ಪ್ರತ್ಯೇಕ ಎಂಸಿಬಿ ಇರಲಿ. ಫ್ರೇಮಿಗೆ ಅರ್ತಿಂಗ್ ಕೊಡಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಇಡೀ ಮುಂಭಾಗ ಲೋಹ ಅನ್ನೋದು ಮರೆಯೋ ಹಾಗಿಲ್ಲ. ಮಳೆಗಾಲದಲ್ಲಿ ಒಂದು ಸುಲಿದ ವೈರು ಫ್ರೇಮಿಗೆ ತಾಗಿದರೆ, ಮಳೆಗೆ ಅಂಗಡಿ ಮುಂದೆ ನಿಂತವರು ಒರಗಿದರೂ ಶಾಕ್.

ಎದುರಿಗೆ ಮೆಸ್ಕಾಂ ಲೈನ್ ಹೋಗಿದ್ದರೆ ಫ್ರೇಮ್ ಮುಂದಕ್ಕೆ ಚಾಚೋ ಮೊದಲು ಅಳತೆ ಹಿಡಿಯಿರಿ. ಮಾಮೂಲಿ ಲೈನಾಗಲಿ, 11 ಕೆವಿ ಲೈನಾಗಲಿ, ಕಟ್ಟಡದಿಂದ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರ ಇರಬೇಕು ಅಂತ ನಿಯಮ. ಹೊಸ ಎಲಿವೇಷನ್ ಒಂದೂವರೆ ಅಡಿ ಮುಂದೆ ಬಂದರೆ ಆ ಅಂತರದಲ್ಲಿ ಅಷ್ಟೂ ಕಡಿಮೆಯಾಯ್ತು. ಪೈಪು ಎತ್ತಿಹಿಡಿದು ಕೆಲಸ ಮಾಡೋ ಹುಡುಗರ ಜೀವದ ಪ್ರಶ್ನೆಯೂ ಹೌದು.

ಬೋರ್ಡಿನ ತೂಕ 50 ಕೆ.ಜಿ., ಗಾಳಿಯ ಎಳೆತ 600 ಕೆ.ಜಿ.

ಬೆಂಕಿ ಅಪರೂಪ. ಗಾಳಿ ಮಳೆ ವರ್ಷ ವರ್ಷ ಬರುತ್ತೆ, ಅದರಲ್ಲೂ ಆಗುಂಬೆ ಇರೋ ಜಿಲ್ಲೆಯಲ್ಲಿ.

'ಶೀಟು ಹಗುರ ಸಾರ್, ಎಲ್ಲಿ ಬೇಕಾದ್ರೂ ಕೂರುತ್ತೆ' ಅನ್ನೋ ಮಾತು ಅರ್ಧ ನಿಜ. 4 ಮಿ.ಮೀ. ಶೀಟು ಒಂದು ಚದರ ಮೀಟರಿಗೆ ಸುಮಾರು ಐದೂವರೆ ಕೆ.ಜಿ. ಇಪ್ಪತ್ತಡಿ ಉದ್ದ, ಐದಡಿ ಎತ್ತರದ ಬೋರ್ಡಿಗೆ ಬರೀ ಶೀಟಿನ ತೂಕ 50 ಕೆ.ಜಿ. ಆಸುಪಾಸು. ಆದರೆ ರಾಜ್ಯದ ಒಳನಾಡಿನ ಬಹುಭಾಗದ ಕಟ್ಟಡಗಳಿಗೆ ಎಂಜಿನಿಯರುಗಳು ಲೆಕ್ಕ ಹಿಡಿಯೋ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಆ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಹಾಕೋ ಒತ್ತಡ ಸುಮಾರು 66 ಕೆ.ಜಿ. ಅದೇ ಬೋರ್ಡಿನ ಮೇಲೆ ಒಟ್ಟು 600 ಕೆ.ಜಿ. ಆಯ್ತು. ಅದೂ ಬರೀ ತಳ್ಳೋದಲ್ಲ, ಗಾಳಿ ತಿರುಗಿದಾಗ ಹೊರಗಡೆ ಎಳೆಯೋದೂ ಹೌದು. ಅಂದರೆ ಬೋರ್ಡನ್ನ ಹೊರೋಕೆ ಎಂಥ ಗೋಡೆಯಾದರೂ ಸಾಕು, ಹಿಡಿದುಕೊಳ್ಳೋಕೆ ಸಾಲದು.

ಅದಕ್ಕೇ ಫ್ರೇಮಿನ ಬುಡ ಎಲ್ಲಿ ಕೂತಿದೆ ಅನ್ನೋದು ಮುಖ್ಯ. ಆರ್‌ಸಿಸಿ ಬೀಮು, ಪಿಲ್ಲರು ಸಿಕ್ಕರೆ ಅದಕ್ಕೇ ಉಕ್ಕಿನ ಆ್ಯಂಕರ್ ಬೋಲ್ಟ್. ನಮ್ಮ ಹಳೇ ಪೇಟೆಯ ಗೋಡೆಗಳು ಎಷ್ಟೋ ಕಡೆ ಜಂಬಿಟ್ಟಿಗೆಯವು, ಕೆಲವು ಮಣ್ಣಿನ ಗಾರೆಯವು. ಅಂಥದ್ದಕ್ಕೆ ಪ್ಲಾಸ್ಟಿಕ್ ಪ್ಲಗ್ ಹೊಡೆದು ಸ್ಕ್ರೂ ಹಾಕಿದರೆ ಮೊದಲ ವರ್ಷ ನಿಲ್ಲಬಹುದು. ಹಾಲೋ ಬ್ಲಾಕಿನ ಕಥೆಯೂ ಅದೇ, ಬೋಲ್ಟ್ ಖಾಲಿ ಜಾಗಕ್ಕೆ ಹೋಗಿರುತ್ತೆ. ಟೆರೇಸಿನ ನಾಲ್ಕೂವರೆ ಇಂಚಿನ ಪ್ಯಾರಾಪೆಟ್ ಗೋಡೆಗೆ ದೊಡ್ಡ ಬೋರ್ಡ್ ಕಟ್ಟೋದಂತೂ ಬೇಡವೇ ಬೇಡ. ಬೋರ್ಡಿನ ಜೊತೆ ಗೋಡೆಯೂ ಬರುತ್ತೆ. ಅಲ್ಲಿ ಫ್ರೇಮಿಗೆ ಹಿಂದಿನಿಂದ ಓರೆ ಆಸರೆ ಕೊಟ್ಟು ಸ್ಲ್ಯಾಬಿಗೆ ಬಿಗಿಸಬೇಕು.

ಪೈಪಿನ ಗೇಜ್ ಕೇಳಿ. ಗೇಜ್ ನಂಬರ್ ದೊಡ್ಡದಾದಷ್ಟು ತಗಡು ತೆಳ್ಳಗೆ, ಇದು ಅನೇಕರಿಗೆ ಉಲ್ಟಾ ಗೊತ್ತಿರುತ್ತೆ. 16 ಗೇಜ್ ಅಂದರೆ 1.6 ಮಿ.ಮೀ., 20 ಗೇಜ್ ಅಂದರೆ 0.9 ಮಿ.ಮೀ. ಮಾತ್ರ. ವೆಲ್ಡಿಂಗ್ ಮಾಡಿದ ಜಾಗದಲ್ಲಿ ಬಣ್ಣ ಸುಟ್ಟಿರುತ್ತೆ, ತುಕ್ಕು ಶುರುವಾಗೋದು ಅಲ್ಲಿಂದಲೇ. ಶೀಟ್ ಮುಚ್ಚೋ ಮುಂಚೆ ಅಲ್ಲಿಗೆ ಪ್ರೈಮರ್ ಹಚ್ಚಿದ್ದಾರಾ ಅಂತ ಒಂದು ಸಲ ಬಂದು ನೋಡಿ, ಸಾಧ್ಯವಾದರೆ ಫೋಟೋ ತೆಗೆದಿಟ್ಟುಕೊಳ್ಳಿ. ಮುಚ್ಚಿದ ಮೇಲೆ ಯಾರಿಗೂ ಕಾಣಲ್ಲ. ಒದ್ದೆಯಲ್ಲಿ ಕಬ್ಬಿಣವೂ ಅಲ್ಯೂಮಿನಿಯಮ್ಮೂ ನೇರ ಅಂಟಿಕೊಂಡಿದ್ದರೆ ಲೋಹ ಬೇಗ ತಿಂದುಹೋಗುತ್ತೆ. ಹಾಗಾಗಿ ನಡುವೆ ಬಣ್ಣದ ಪದರವೋ ಟೇಪೋ ಇರಬೇಕು, ಸ್ಕ್ರೂ ಸ್ಟೇನ್‌ಲೆಸ್ ಇರಬೇಕು. ಇನ್ನೊಂದು ಮಾತು: ವೆಲ್ಡಿಂಗ್ ಎಲ್ಲ ಮುಗಿದ ಮೇಲೆಯೇ ಶೀಟ್ ಕೂರಿಸಬೇಕು. ಅರ್ಧ ಶೀಟ್ ಕೂರಿಸಿ ಪಕ್ಕದಲ್ಲೇ ವೆಲ್ಡಿಂಗ್ ಕಿಡಿ ಹಾರಿಸೋದು ಬೆಂಕಿಯನ್ನ ಕರೆದ ಹಾಗೆ.

ಗುರುತು ಹಿಡಿಯೋದು ಹೇಗೆ

ಶೀಟ್ ಕತ್ತರಿಸಿದ ಮೇಲೆ ತುಂಡು ಉಳಿದೇ ಉಳಿಯುತ್ತೆ. ಒಂದು ತುಂಡು ಕೇಳಿ ಇಸ್ಕೊಳ್ಳಿ. ಪಿಇ ಕೋರ್ ಆಗಿದ್ದರೆ ಅಂಚನ್ನ ಚಾಕುವಿನಲ್ಲಿ ಕೆರೆದಾಗ ಮೇಣದ ಹಾಗೆ ಸುರುಳಿ ಸುರುಳಿಯಾಗಿ ಬರುತ್ತೆ. ಖನಿಜ ಜಾಸ್ತಿ ಇರೋದು ಪುಡಿಪುಡಿಯಾಗಿ ಉದುರುತ್ತೆ, ಕೈಗೆ ತೂಕವೂ ಹೆಚ್ಚು. ಬಣ್ಣ ನೋಡಿ ನಿರ್ಧರಿಸೋಕೆ ಆಗಲ್ಲ, ಕಪ್ಪು ಬಿಳಿ ಬೂದು ಎಲ್ಲದರಲ್ಲೂ ಎಲ್ಲ ಥರ ಮಾಡ್ತಾರೆ.

ಕೆಲವರು ಲೈಟರ್ ಹಿಡಿದು ನೋಡ್ತಾರೆ. ಬಯಲಲ್ಲಿ, ಪಕ್ಕದಲ್ಲಿ ನೀರಿಟ್ಟುಕೊಂಡು, ಸಣ್ಣ ತುಂಡನ್ನ ಇಕ್ಕಳದಲ್ಲಿ ಹಿಡಿದು ಅಂಚಿಗೆ ಜ್ವಾಲೆ ತೋರಿಸಿದರೆ ಪಿಇ ಹತ್ತಿಕೊಂಡು ಹನಿ ಉದುರಿಸುತ್ತೆ. ಎಫ್‌ಆರ್ ಸುಲಭಕ್ಕೆ ಹತ್ತಲ್ಲ. ಸುಡು ಹನಿ ಬಿದ್ದರೆ ಉತ್ತರ ಸಿಕ್ಕಿತು. ಬೀಳದಿದ್ದರೆ ಮಾತ್ರ ಅದು ಒಳ್ಳೆಯದು ಅಂತ ಸಾಬೀತಾದ ಹಾಗಲ್ಲ. ಲೈಟರಿನ ಬೆಂಕಿಗೂ ಉರಿಯೋ ಅಂಗಡಿಯ ಬೆಂಕಿಗೂ ಅಜಗಜಾಂತರ.

ಶೀಟಿನ ಹಿಂಭಾಗದಲ್ಲಿ ಕಂಪನಿ ಹೆಸರು, ದರ್ಜೆ ಅಚ್ಚಾಗಿರುತ್ತೆ. ಅದನ್ನ ಕೂರಿಸೋ ಮೊದಲೇ ನೋಡಬೇಕು. ಎಸಿಪಿಗೆ ಭಾರತೀಯ ಮಾನಕವೂ ಇದೆ, ಐಎಸ್ 17682. ಬಿಲ್ಲಿನಲ್ಲಿ ಬರೀ 'ಎಸಿಪಿ ವರ್ಕ್' ಅಂತ ಬಿಡದೇ, ಶೀಟಿನ ಒಟ್ಟು ದಪ್ಪ ಎಷ್ಟು, ಅಲ್ಯೂಮಿನಿಯಂ ಎಷ್ಟು, ಕೋರ್ ಯಾವುದು, ಮೇಲಿನ ಲೇಪನ ಯಾವುದು ಅಂತ ನಾಲ್ಕು ಮಾತು ಬರೆಸಿ. ಬರೆಯೋಕೆ ಹಿಂಜರಿಯೋ ಫ್ಯಾಬ್ರಿಕೇಟರ್ ಹತ್ತಿರ ರೇಟ್ ಚೌಕಾಸಿ ಮಾಡಿ ಪ್ರಯೋಜನ ಇಲ್ಲ. ಕಡಿಮೆ ಮಾಡಿದಷ್ಟೂ ಒಳಗಿಂದ ಕಡಿಮೆಯಾಗುತ್ತೆ.

ಲೇಪನದ ವಿಷಯ ಚಿಕ್ಕದು. ಹೊರಗಡೆಗೆ ಪಿವಿಡಿಎಫ್ ಲೇಪನದ್ದು ಬೇಕು. ಪಾಲಿಯೆಸ್ಟರ್ ಲೇಪನದ್ದು ಒಳಾಂಗಣಕ್ಕೆ ಸರಿ. ಬಿಸಿಲಿಗೆ ಅದು ಮಂಕಾಗಿ, ಉಜ್ಜಿದರೆ ಕೈಗೆ ಪುಡಿ ಅಂಟುತ್ತೆ. ಶೀಟಿನ ಮೇಲಿನ ಪ್ಲಾಸ್ಟಿಕ್ ಫಿಲ್ಮನ್ನ ಉದ್ಘಾಟನೆ ದಿನ ತೆಗೆಯೋಣ ಅಂತ ತಿಂಗಳುಗಟ್ಟಲೆ ಬಿಟ್ಟರೆ ಬಿಸಿಲಿಗೆ ಅಂಟು ಹಿಡಿದು ಕಲೆ ಉಳಿಯುತ್ತೆ. ಫಿಲ್ಮಿನ ಮೇಲಿನ ಬಾಣದ ಗುರುತು ಎಲ್ಲ ಶೀಟಿನಲ್ಲೂ ಒಂದೇ ದಿಕ್ಕಿಗೆ ಇರಬೇಕು, ಇಲ್ಲದಿದ್ದರೆ ಮೆಟಾಲಿಕ್ ಬಣ್ಣ ಒಂದೊಂದು ಶೀಟಿನಲ್ಲಿ ಒಂದೊಂದು ಥರ ಕಾಣುತ್ತೆ.

ಶೀಟುಗಳ ನಡುವಿನ ಗೆರೆ, ಅಂದರೆ ಗ್ರೂವ್, ಬರೀ ಅಂದಕ್ಕಲ್ಲ. ಎಂಟಡಿ ಶೀಟು 40 ಡಿಗ್ರಿ ಬಿಸಿ ಏರಿದರೆ ಎರಡು ಮಿ.ಮೀ.ಗೂ ಹೆಚ್ಚು ಉದ್ದ ಆಗುತ್ತೆ. ಮುಂಜಾನೆ ಚಳಿಯಿಂದ ಮಧ್ಯಾಹ್ನದ ಬಿಸಿಲಿಗೆ ಕಪ್ಪು ಶೀಟು ಅಷ್ಟು ಕಾಯೋದು ದೊಡ್ಡ ವಿಷಯ ಅಲ್ಲ. ಜಾಗ ಬಿಡದಿದ್ದರೆ ಉಬ್ಬುತ್ತೆ, ರಿವೆಟ್ ಕೀಳುತ್ತೆ. ಗ್ರೂವಿಗೆ ತುಂಬೋ ಸಿಲಿಕಾನ್ ಹುಳಿ ವಾಸನೆ, ವಿನೆಗರ್ ಥರದ್ದು, ಹೊಡೆದರೆ ಅದು ಈ ಕೆಲಸಕ್ಕಲ್ಲ. ಲೋಹಕ್ಕೂ ಸಿಮೆಂಟಿಗೂ ಆಗಿಬರಲ್ಲ. ಹೊರಗೋಡೆಗೆ ನ್ಯೂಟ್ರಲ್ ಸಿಲಿಕಾನ್ ಬರೋದೇ ಬೇರೆ.

ಹಾಗಾದರೆ ಎಲ್ಲಿ ಯಾವುದು?

ಮಹಡಿಯಲ್ಲಿ ಜನ ವಾಸ ಇದ್ದಾರೆ, ಮಕ್ಕಳು ಟ್ಯೂಷನ್‌ಗೆ ಬರ್ತಾರೆ, ಆಸ್ಪತ್ರೆ ಇದೆ, ಲಾಡ್ಜ್ ಇದೆ ಅಂದರೆ ಮುಂಭಾಗಕ್ಕೆ ಎ2 ದರ್ಜೆ. ತೀರಾ ಆಗಲ್ಲ ಅಂದರೆ ಎಫ್‌ಆರ್, ಜೊತೆಗೆ ಸಂದು ಮುಚ್ಚಿಸಿ, ಕಿಟಕಿ ಬಿಟ್ಟು. ಮೆಟ್ಟಿಲಿನ ಬಾಯಿಯ ಸುತ್ತ ಪಿಇ ಶೀಟು ಯಾವತ್ತೂ ಬೇಡ. ದುಡ್ಡು ಕಡಿಮೆ ಇದ್ದರೆ ಇಡೀ ಮುಂಭಾಗಕ್ಕೆ ಕಳಪೆ ಶೀಟ್ ಹೊದಿಸೋ ಬದಲು ಬೋರ್ಡಿನಷ್ಟಕ್ಕೆ ಒಳ್ಳೆ ಶೀಟ್ ಹಾಕಿ, ಉಳಿದ ಗೋಡೆಗೆ ಗಾರೆ ಮಾಡಿಸಿ ಬಣ್ಣ ಹೊಡೆಸೋದು ಜಾಣತನ. ಸಿಮೆಂಟ್ ಗಾರೆಗೆ ಬೆಂಕಿ ಹತ್ತಲ್ಲ.

ಕಲ್ಲು, ಟೈಲ್ಸ್ ಕೂಡ ಸುಡಲ್ಲ, ಆದರೆ ಅವಕ್ಕೆ ಬೇರೆ ಸಮಸ್ಯೆ. 20 ಮಿ.ಮೀ. ಗ್ರಾನೈಟ್ ಒಂದು ಚದರ ಮೀಟರಿಗೆ 54 ಕೆ.ಜಿ., ಎಸಿಪಿಯ ಹತ್ತು ಪಟ್ಟು. ಆಳೆತ್ತರಕ್ಕಿಂತ ಮೇಲೆ ಬರೀ ಅಂಟು, ಸಿಮೆಂಟು ನಂಬಿ ಕಲ್ಲು ಕೂರಿಸಬಾರದು, ಸ್ಟೇನ್‌ಲೆಸ್ ಕ್ಲ್ಯಾಂಪ್ ಬೇಕು. ಸಜ್ಜಾದ ತುದಿಗೆ ಅಷ್ಟು ಭಾರ ಹೇರೋ ಮುಂಚೆ ಎಂಜಿನಿಯರ್ ಹತ್ತಿರ ತೋರಿಸಬೇಕು. ಈಚೆಗೆ ಓಡ್ತಿರೋ ಪಿವಿಸಿ ಪಟ್ಟಿ, ಪ್ಲಾಸ್ಟಿಕ್ ಹುಲ್ಲು, ಪ್ಲಾಸ್ಟಿಕ್ ಎಲೆಯ 'ಗ್ರೀನ್ ವಾಲ್' ಇವೆಲ್ಲ ಪ್ಲಾಸ್ಟಿಕ್ಕೇ. ಪಿವಿಸಿ ಸುಟ್ಟ ಹೊಗೆಯಲ್ಲಿ ಆಮ್ಲ ಇರುತ್ತೆ, ಒಂದೆರಡು ಉಸಿರಿಗೇ ಗಂಟಲು ಕಟ್ಟುತ್ತೆ.

ಬಾಡಿಗೆ ಅಂಗಡಿಗಳಲ್ಲಿ ಇನ್ನೊಂದು ತೊಡಕಿದೆ. ಶೀಟ್ ಹಾಕಿಸೋರು ಬಾಡಿಗೆಯವರು, ಕಟ್ಟಡ ಮಾಲೀಕರದು, ಮೇಲೆ ಇರೋರು ಮೂರನೆಯವರು. ಕಡಿಮೆ ಖರ್ಚಿನ ಲಾಭ ಒಬ್ಬರಿಗೆ, ಅಪಾಯ ಇನ್ನೊಬ್ಬರಿಗೆ. ಬಾಡಿಗೆ ಕರಾರಿನಲ್ಲಿ ಮುಂಭಾಗಕ್ಕೆ ಯಾವ ಶೀಟು, ಕಿಟಕಿ ಮುಚ್ಚೋ ಹಾಗಿಲ್ಲ, ಬಿಟ್ಟುಹೋಗುವಾಗ ಫ್ರೇಮ್ ಬಿಚ್ಚೋರು ಯಾರು ಅಂತ ಒಂದೆರಡು ಸಾಲು ಸೇರಿಸಿಕೊಂಡರೆ ಮಾಲೀಕರಿಗೂ ಒಳ್ಳೆಯದು.

ಈಗಾಗಲೇ ಹಾಕಿಸಿ ಆಗಿದೆ, ಏನು ಮಾಡೋದು ಅನ್ನೋರು ಎಲ್ಲ ಕಿತ್ತುಹಾಕಬೇಕಾಗಿಲ್ಲ. ಮುಚ್ಚಿದ ಕಿಟಕಿಯ ಭಾಗದ ಶೀಟನ್ನ ಕತ್ತರಿಸಿ ಕಿಟಕಿ ಬಿಡಿಸೋದು, ಪವರ್ ಸಪ್ಲೈ ಹೊರಗೆ ತರೋದು ಒಂದೆರಡು ದಿನದ ಕೆಲಸ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಏಣಿ ಹಾಕಿ ಮೂಲೆಯ ರಿವೆಟ್, ಸ್ಕ್ರೂ ಅಲುಗಾಡಿಸಿ ನೋಡಿ. ಶೀಟಿನ ಕೆಳ ಅಂಚಿನಲ್ಲಿ ಕಂದು ನೀರಿನ ಗೆರೆ ಕಂಡರೆ ಒಳಗೆ ಪೈಪು ತುಕ್ಕು ಹಿಡಿದಿದೆ ಅಂತ ಅರ್ಥ.

ಜೊತೆಗೆ ಮೀಟರ್ ಬೋರ್ಡ್ ಎಲ್ಲಿದೆ ಅಂತಲೂ ನೋಡಿಕೊಳ್ಳಿ. ಅಂದ ಕೆಡುತ್ತೆ ಅಂತ ಎಷ್ಟೋ ಕಡೆ ಮೀಟರನ್ನೂ ಮೇನ್ ಸ್ವಿಚ್ಚನ್ನೂ ಅದೇ ಎಸಿಪಿಯ ಹಿಂದೆ ಸೇರಿಸಿ, ಒಂದು ಚಿಕ್ಕ ಬಾಗಿಲು ಮಾಡಿ, ಬೀಗ ಹಾಕಿ, ಕೀಲಿಯನ್ನ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿರ್ತಾರೆ. ರಾತ್ರಿ ಅಂಗಡಿ ಮುಚ್ಚಿದಾಗ ಬೋರ್ಡಿನಲ್ಲಿ ಹೊಗೆ ಕಂಡರೆ 112ಕ್ಕೆ ಫೋನ್ ಮಾಡಿದ ಮೇಲೆ ಪಕ್ಕದ ಅಂಗಡಿಯವರು, ಮಹಡಿ ಮೇಲಿನವರು ಮೊದಲು ಹುಡುಕೋದು ಆ ಮೇನ್ ಸ್ವಿಚ್ಚನ್ನ. ಆ ಬಾಗಿಲಿಗೆ ಬೀಗ ಬೇಡ, ಚಿಲಕ ಸಾಕು.